ಭಾವ ಅಂದ ಒಂದು ‘ರೈಟ್’

ನಮ್ಮ ಭಾವ ಮೂರು ವರ್ಷದಿಂದ ಚಪ್ಪಲಿ ಮೆಟ್ಟಿಲ್ಲ. ವಿದ್ಯಾರಣ್ಯಪುರಂನ ನಮ್ಮ ಬೀದಿಯಲ್ಲಿ ಏಪ್ರಿಲ್ ಮಧ್ಯಾಹ್ನದ ಟಾರು ಹೇಗೆ ಕಾಯುತ್ತದೆಂದು ಕಂಡವರಿಗೆ ಇದರ ಕಷ್ಟ ಬಿಡಿಸಿ ಹೇಳಬೇಕಾಗಿಲ್ಲ. ಜೊತೆಗೆ ಅವರಿಗೆ ಸಕ್ಕರೆ ಕಾಯಿಲೆ ಬೇರೆ. ತಾನು ಬಾಯಿತಪ್ಪಿ ಆಡಿದ ಒಂದು ಮಾತಿನಿಂದ ತನ್ನ ಹೆಂಡತಿಯ, ಅಂದರೆ ನನ್ನ ಅಕ್ಕನ, ಸೊಂಟ ಮುರಿಯಿತು ಎಂದು ಅವರು ನಂಬಿದ್ದಾರೆ. ಅದಕ್ಕಾಗಿ ದೇವರಿಗೆ ಒಪ್ಪಿಸಿದ ತಪ್ಪುಕಾಣಿಕೆ ಆ ಬರಿಗಾಲು. ಮುರಿದದ್ದು ಅವರ ಮಾತಿನಿಂದಲ್ಲ, ನನ್ನ ಕಣ್ಣಿನಿಂದ. ಇದು ಗೊತ್ತಿದ್ದವನು ನಾನೊಬ್ಬನೇ. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದೆ.

ನಾನು ಮದುವೆಯಾದವನಲ್ಲ. ಪಾಲಿಟೆಕ್ನಿಕ್ಕಿನ ವರ್ಕ್‌ಶಾಪಿನಲ್ಲಿ ಹುಡುಗರಿಗೆ ಫಿಟ್ಟಿಂಗ್ ಕಲಿಸುತ್ತಿದ್ದೆ. ಅಕ್ಕ ಭಾವ ಕೆಳಗಿನ ಮನೆಯಲ್ಲಿ, ನಾನು ಮೇಲಿನ ರೂಮಿನಲ್ಲಿ. ಅವರಿಗೆ ಮಕ್ಕಳಿಲ್ಲ. ಊಟ ತಿಂಡಿ ಕೆಳಗೇ ಆಗುತ್ತಿದ್ದುದರಿಂದ ನನ್ನನ್ನೇ ದೊಡ್ಡ ಮಗು ಎಂದು ಅಕ್ಕ ಆಡಿಕೊಳ್ಳುತ್ತಿದ್ದಳು. ನನಗಿದ್ದ ಒಂದೇ ಚಟ ಗಾಡಿಯದು. ಹಳೆಯ ಜೀಪೊಂದನ್ನು ಇಟ್ಟುಕೊಂಡು ಭಾನುವಾರ ಬಂದರೆ ನಂಜನಗೂಡು ರಸ್ತೆಯಿಂದ ಒಳಕ್ಕೆ ತಿರುಗಿ, ಕೈಬಿಟ್ಟ ಕಲ್ಲುಕ್ವಾರಿಗಳು, ಕೆರೆಯಂಗಳ, ಬಂಡೆಗುಡ್ಡ ಎಂದು ಅಲೆಯುತ್ತಿದ್ದೆ. ರಸ್ತೆ ಇಲ್ಲದ ಕಡೆ ಗಾಡಿ ಹತ್ತಿಸುವುದರಲ್ಲಿ ಏನು ಸುಖ ಎಂದು ಕೇಳುವವರಿಗೆ ಉತ್ತರ ಕೊಡುವ ತಾಳ್ಮೆ ನನಗೆ ಯಾವತ್ತೂ ಇರಲಿಲ್ಲ. ಇಸ್ಪೀಟು ಆಡುವವರನ್ನು ಯಾರೂ ಹಾಗೆ ಕೇಳುವುದಿಲ್ಲ.

ಐವತ್ತೊಂದನೆಯ ವಯಸ್ಸಿನಲ್ಲಿ ಓದುವ ಕನ್ನಡಕ ಬದಲಾಯಿಸಲು ಹೋದಾಗ ಕಣ್ಣಿನ ಡಾಕ್ಟರು ಗ್ಲಾಕೋಮಾ ಎಂದರು. ಕಣ್ಣಿನೊಳಗಿನ ಒತ್ತಡ ಹೆಚ್ಚಾಗಿ ನರ ಒಣಗುತ್ತಾ ಬಂದಿದೆಯಂತೆ. ಬೋಗುಣಿಯಂಥ ಬಿಳಿಯ ಮೆಷಿನ್ನಿನೊಳಗೆ ಮುಖವಿಟ್ಟು, ಅಲ್ಲಿ ಇಲ್ಲಿ ಮಿನುಗುವ ಬೆಳಕಿನ ಚುಕ್ಕಿ ಕಂಡಾಗಲೆಲ್ಲ ಕೈಯಲ್ಲಿನ ಗುಂಡಿ ಒತ್ತಬೇಕು. ಬಹಳ ಹೊತ್ತು ಏನೂ ಕಾಣದಿದ್ದಾಗ ನನಗೆ ಭಯವಾಯಿತು. ಮಾಸ್ತರಿಕೆಯಲ್ಲಿ ಹುಡುಗರ ಕಳ್ಳಾಟವನ್ನೆಲ್ಲ ಹಿಡಿದವನು ನಾನೇ ಕಳ್ಳಾಟಕ್ಕಿಳಿದೆ. ಕಾಣದಿದ್ದರೂ ಅಂದಾಜಿನ ಮೇಲೆ ಒತ್ತತೊಡಗಿದೆ.

“ಸಾರ್, ಚುಕ್ಕಿ ಬರದೇ ಇದ್ದಾಗ್ಲೂ ಒತ್ತುತಾ ಇದೀರ. ಮೆಷಿನ್‌ಗೆ ಗೊತ್ತಾಗುತ್ತೆ ಸಾರ್,” ಎಂದಳು ಪಕ್ಕದಲ್ಲಿ ಕೂತಿದ್ದ ಹುಡುಗಿ.

ಬಲಗಡೆಯ ನೋಟ ಹೋಗಿತ್ತು. ಬಲಕ್ಕೆ, ಸ್ವಲ್ಪ ಕೆಳಗೆ. ಡಾಕ್ಟರು ಕಾಗದದ ಮೇಲಿನ ಕಪ್ಪು ತೇಪೆಯನ್ನು ಪೆನ್ನಿನಿಂದ ಸುತ್ತುಹಾಕಿ, “ಹೋದದ್ದು ವಾಪಸ್ ಬರಲ್ಲ. ಡ್ರಾಪ್ಸ್ ಹಾಕಿ ಇರೋದನ್ನ ಉಳಿಸ್ಕೊಳ್ಳೋಣ. ಗಾಡಿ ಓಡಿಸ್ತೀರಾ?” ಎಂದರು.

“ಇಲ್ಲ, ಬಸ್ಸಲ್ಲೇ ಓಡಾಡೋದು,” ಎಂದೆ. ಹೊರಗೆ ಜೀಪು ನಿಂತಿತ್ತು.

ಕಾಗದದಲ್ಲಿ ಕಪ್ಪಾಗಿ ತೋರಿಸುತ್ತಾರೆ, ಆದರೆ ಕಣ್ಣಿಗೆ ಕಪ್ಪು ಕಾಣುವುದಿಲ್ಲ. ಕಂಡಿದ್ದರೆ ಒಳ್ಳೆಯದಿತ್ತು. ಅಲ್ಲಿ ಒಬ್ಬ ಮನುಷ್ಯ ಇದ್ದರೆ ಆ ಮನುಷ್ಯ ಇರುವುದಿಲ್ಲ, ಅವನ ಹಿಂದಿನ ಗೋಡೆಯೋ ಬೇಲಿಯೋ ಮುಂದುವರಿದಂತೆ ಇರುತ್ತದೆ. ಏನೋ ಕಾಣುತ್ತಿಲ್ಲ ಎಂಬುದೇ ಗೊತ್ತಾಗುವುದಿಲ್ಲ. ಹಾಗಾಗಿ ಮನೆಗೆ ಬಂದು ವರಾಂಡದಲ್ಲಿ ಕೂತು ಸುತ್ತ ನೋಡಿದಾಗ ಎಲ್ಲವೂ ಸರಿಯಾಗಿಯೇ ಇದೆ ಎನಿಸಿತು. ಡಾಕ್ಟರು ಹೆದರಿಸುತ್ತಾರೆ ಬಿಡು ಎಂದುಕೊಂಡೆ. ಡ್ರಾಪ್ಸಿನ ಸಣ್ಣ ಸೀಸೆ ಕಂಡು ಅಕ್ಕ ಕೇಳಿದಳು. ಕಣ್ಣು ಉರಿ, ಅದಕ್ಕೆ ಕೊಟ್ಟಿದ್ದಾರೆ ಎಂದೆ. ರಿಪೋರ್ಟನ್ನು ಹರಿದು ಕಸದ ಗಾಡಿಗೆ ಹಾಕಿದೆ. ಮನೆಯಲ್ಲಿ ಯಾರ ಕೈಗೂ ಸಿಗಬಾರದು ಎಂಬುದಷ್ಟೇ ಆವತ್ತು ತಲೆಯಲ್ಲಿದ್ದದ್ದು.

ಬುದ್ಧಿಯಿರುವವನು ಆಗ ಜೀಪು ಮಾರಿ ಸುಮ್ಮನಾಗುತ್ತಿದ್ದ. ನಾನು ಜೀಪು ಮಾರಿ ಅದರ ಎರಡರಷ್ಟು ದೊಡ್ಡ ಪಿಕಪ್ ತಂದೆ. ನಾಲ್ಕೂ ಚಕ್ರಕ್ಕೆ ಬಲ ಹೋಗುವ, ಮುಂದೆ ಐದು ಜನ ಕೂರುವ, ಹಿಂದೆ ತೆರೆದ ಬಾಡಿ ಇರುವ ಹೊಸ ಕಾಲದ ಗಾಡಿ. ಮುಂದೊಂದು ಹಿಂದೊಂದು ಕ್ಯಾಮೆರಾ, ಹತ್ತಿರ ಏನಾದರೂ ಬಂದರೆ ಕೀಂಕೀಂ ಎನ್ನುವ ಸೆನ್ಸರು, ಇಳಿಜಾರಿನಲ್ಲಿ ತಾನೇ ಬ್ರೇಕು ಹಿಡಿಯುವ ಏರ್ಪಾಡು. ಸೀಟು ಎತ್ತರ, ಬೀದಿಯೆಲ್ಲ ಕೈಕೆಳಗೆ ಕಾಣುತ್ತದೆ. ಕಣ್ಣಿನ ಕೆಲಸದಲ್ಲಿ ಅರ್ಧವನ್ನು ಗಾಡಿಗೆ ವಹಿಸಿದರಾಯಿತು ಎಂದು ಲೆಕ್ಕ ಹಾಕಿದ್ದೆ. ಇನ್ನೊಂದು ಆಸೆಯೂ ಇತ್ತು. ಕಣ್ಣು ಪೂರ್ತಿ ಹೋಗುವ ಮೊದಲು ಒಂದು ಒಳ್ಳೆಯ ಗಾಡಿಯಲ್ಲಿ ಬಂಡೆ ಹತ್ತಬೇಕು ಎಂಬ ಆಸೆ. ಅದನ್ನು ಆಸೆ ಅನ್ನಬೇಕೋ ಮೊಂಡುತನ ಅನ್ನಬೇಕೋ ನನಗೆ ಇವತ್ತಿಗೂ ತಿಳಿಯದು.

ಗಾಡಿ ಮನೆಗೆ ಬಂದ ದಿನ ಅರ್ಧ ಮಾತ್ರ ಮನೆಗೆ ಬಂತು. ಮೂತಿ ಕಾಂಪೌಂಡಿನೊಳಗೆ, ಬಾಲ ಬೀದಿಯಲ್ಲಿ. ಗೇಟು ಮುಚ್ಚುವ ಹಾಗಿಲ್ಲ. ರಂಗೋಲಿ ಹಾಕುವ ಜಾಗದ ಮೇಲೆಯೇ ಹಿಂದಿನ ಚಕ್ರ ಕೂತಿದ್ದಕ್ಕೆ ಅಕ್ಕ ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ ಅವಳೇ ರಂಗೋಲಿಯನ್ನು ಒಂದು ಮಾರು ಪಕ್ಕಕ್ಕೆ ಸರಿಸಿಕೊಂಡಳು. ಬೀದಿಯವರಿಗಂತೂ ಅದು ಲಗೇಜು ಗಾಡಿ. “ಮೇಷ್ಟ್ರು ರಿಟೈರಾದ್ಮೇಲೆ ಬಾಡಿಗೆ ಓಡಿಸ್ತಾರಂತೆ” ಎಂದು ಸುದ್ದಿಯಾಯಿತು. ಸರಸ್ವತಿಪುರಂನ ಸಿಗ್ನಲ್ಲಿನಲ್ಲಿ ನಿಂತಿದ್ದಾಗ ಒಬ್ಬ ಕಿಟಕಿ ತಟ್ಟಿ, “ಅಣ್ಣ, ಒಂದು ಬೀರು, ಎರಡು ಮಂಚ, ಒಂಟಿಕೊಪ್ಪಲ್‌ಗೆ ಬರ್ತೀರಾ?” ಎಂದು ಕೇಳಿದ. ಮೈಯೆಲ್ಲ ಉರಿದುಹೋಯಿತು. ಪಕ್ಕದಲ್ಲಿದ್ದ ಭಾವ ನನ್ನ ಕೈ ಅದುಮಿ, “ಇವತ್ತು ಪುರ್ಸೊತ್ತಿಲ್ಲ ಕಣಪ್ಪ, ನಾಳೆ ನೋಡವ” ಎಂದು ಗಂಭೀರವಾಗಿ ಹೇಳಿ ಕಳಿಸಿದರು. ಮನೆ ಸೇರುವವರೆಗೂ ನಗುತ್ತಿದ್ದರು.

ದಿನದ ಓಡಾಟಕ್ಕೆ ಆ ಗಾಡಿ ಒಂದು ಹಿಂಸೆ, ಸುಳ್ಳು ಹೇಳಬಾರದು. ಹಿಂದೆ ಭಾರ ಇಲ್ಲದಿದ್ದರೆ ಪಟ್ಟಿ ಸ್ಪ್ರಿಂಗು ಕಲ್ಲಿನಂತೆ ಕೂತಿರುತ್ತದೆ. ರಸ್ತೆಯ ಒಂದೊಂದು ಹಂಪ್‌ಗೂ ಬೆನ್ನುಮೂಳೆ ತಲೆಗೆ ತಾಗುತ್ತದೆ. ಭಾವ ಅದಕ್ಕೆಂದೇ ಹಿಂದಿನ ಬಾಡಿಯಲ್ಲಿ ಎರಡು ಮೂಟೆ ಮರಳು ಇಡಿಸಿದ್ದರು. ಮಾರುಕಟ್ಟೆಯ ಹತ್ತಿರ ನಿಲ್ಲಿಸಲು ಜಾಗ ಸಿಗುವುದಿಲ್ಲ, ತಿರುಗಿಸಬೇಕೆಂದರೆ ಇಡೀ ಬೀದಿ ಸಲಹೆ ಕೊಡುತ್ತದೆ. ಇಷ್ಟಾದರೂ ಬೆಳಿಗ್ಗೆ ಹತ್ತಿ ಕೂತು ಎಂಜಿನ್ನಿನ ಗುಡುಗು ಕಾಲಿನಡಿ ಬಂದಾಗ ನನಗೆ ಬದುಕಿದ್ದೇನೆ ಅನಿಸುತ್ತಿತ್ತು.

ಭಾವನ ವಿಷಯ ಇಲ್ಲಿ ಹೇಳಬೇಕು. ಅವರು ಸರ್ಕಾರಿ ಬಸ್ಸಿನಲ್ಲಿ ಮೂವತ್ತು ವರ್ಷ ಕಂಡಕ್ಟರಾಗಿದ್ದವರು. ಕೆಲಸ ಮುಗಿದರೂ ಕೆಲಸದ ಭಾಷೆ ಬಾಯಿ ಬಿಟ್ಟಿರಲಿಲ್ಲ. ಬಸ್ಸು ಹೊರಡಲಿ ಎನ್ನುವುದಕ್ಕೆ ‘ರೈಟ್’, ನಿಲ್ಲಲಿ ಎನ್ನುವುದಕ್ಕೆ ‘ಹೋಲ್ಡಾನ್’ ಎನ್ನುವುದು ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಮಾತೇ. ಭಾವ ಅದನ್ನು ಮನೆಯಲ್ಲೂ ಬಳಸುತ್ತಿದ್ದರು. ಅಕ್ಕ ಅನ್ನ ಬಡಿಸುವಾಗ ಸಾಕೆನಿಸಿದರೆ ‘ಹೋಲ್ಡಾನ್’. ಪಿಕಪ್ಪಿನ ಎಡಗಡೆ ಸೀಟು ಅವರಿಗೆ ಮೀಸಲು. ಹತ್ತಿ ಕೂತು ಬಾಗಿಲು ಹಾಕಿ, ಹೊರಗೆ ಕೈ ಚಾಚಿ ತಗಡಿನ ಮೇಲೆ ಎರಡು ಏಟು ಹೊಡೆದು ‘ರೈಟ್’ ಅನ್ನದೆ ನಾನು ಗೇರು ಹಾಕುವ ಹಾಗಿರಲಿಲ್ಲ. ಅವರಲ್ಲಿ ಒಂದು ಶಿಸ್ತಿತ್ತು. “ಬಲಗಡೇದು ಡ್ರೈವರ್ರು ನೋಡ್ಕಬೇಕು, ಎಡಗಡೇದು ಕಂಡಕ್ಟ್ರು. ಒಬ್ರುದ್ರಲ್ಲಿ ಒಬ್ರು ಕೈ ಹಾಕುದ್ರೆ ಗಾಡಿ ಕೆಡ್ತದೆ” ಎನ್ನುತ್ತಿದ್ದರು. ಹಾಗಾಗಿ ಅವರು ಯಾವತ್ತೂ ಬಲಗಡೆ ನೋಡಲಿಲ್ಲ.

ಬಂಡೆದಾರಿಯಲ್ಲಿ ಒಬ್ಬರು ಕೆಳಗಿಳಿದು, ಗಾಡಿಯ ಮುಂದೆ ನಿಂತು, ಚಕ್ರ ಎಲ್ಲಿ ಇಡಬೇಕು ಎಂದು ಡ್ರೈವರಿಗೆ ಕೈತೋರಿಸುವುದು ಈ ಆಟದ ಪದ್ಧತಿ. ಅದನ್ನು ಭಾವ ಮಾಡುತ್ತಿದ್ದರು. ಅರವತ್ತು ದಾಟಿದ್ದರೂ ಬಂಡೆಯಿಂದ ಬಂಡೆಗೆ ಹೆಜ್ಜೆ ಹಾಕುತ್ತಾ ಹಿಮ್ಮುಖವಾಗಿ ನಡೆದು, ಎಡಗಡೆಯ ಚಕ್ರದ ಮೇಲೆ ಕಣ್ಣಿಟ್ಟು, ‘ರೈಟ್ ರೈಟ್ ರೈಟ್’ ಎನ್ನುತ್ತಿದ್ದರು. ಕೆಲವು ಭಾನುವಾರ ನಮ್ಮ ಜೊತೆ ಬರುತ್ತಿದ್ದ ಬೇರೆ ಜೀಪಿನವರು ಗಾಬರಿಯಾಗುತ್ತಿದ್ದರು. “ಯಜಮಾನ್ರೇ, ರೈಟ್ ಅಂದ್ರೆ ಬಲಕ್ಕೆ ಅಂತಾನೋ, ಹೋಗ್ಲಿ ಅಂತಾನೋ? ಒಂದಿನ ಯಾರನ್ನಾದ್ರೂ ಉರುಳಿಸ್ತೀರಿ” ಎನ್ನುತ್ತಿದ್ದರು. ಭಾವ, “ನಮ್ ಡ್ರೈವರ್‌ಗೆ ಗೊತ್ತು ಬುಡಿ” ಎನ್ನುತ್ತಿದ್ದರು. ನನಗೆ ಗೊತ್ತಿತ್ತು. ಒಂದು ಸಲವೂ, ಒಂದೇ ಒಂದು ಸಲವೂ, ಅವರ ‘ರೈಟ್’ ನನಗೆ ಬಲಗಡೆ ಎಂದು ಕೇಳಿಸಿದ್ದಿಲ್ಲ.

ಆ ವರ್ಷವೆಲ್ಲ ಬಲಗಡೆಯಿಂದ ಗಾಡಿಗಳು ಹುಟ್ಟಿ ಬರತೊಡಗಿದವು. ಖಾಲಿ ಇದ್ದ ಜಾಗದಲ್ಲಿ ಇದ್ದಕ್ಕಿದ್ದಂತೆ ಸ್ಕೂಟರು. ಅವನೇ ಅಡ್ಡ ಬಂದ ಎಂದು ಬೈಯುತ್ತಿದ್ದೆ. ಕಾಂಪೌಂಡಿನ ಕಂಬಕ್ಕೆ ಬಲಗಡೆಯ ಕನ್ನಡಿ ಎರಡು ಸಲ ಮುರಿಯಿತು. ಗೇಟು ಸಣ್ಣದು ಎಂದೆ. ಡ್ರಾಪ್ಸು ಹಾಕಿದ ದಿನ ಹಾಕಿದೆ, ಮರೆತ ದಿನ ಮರೆತೆ. ಪರೀಕ್ಷೆಗೆ ಬನ್ನಿ ಎಂದು ಆಸ್ಪತ್ರೆಯಿಂದ ಫೋನು ಬಂದರೆ ರಾಂಗ್ ನಂಬರ್ ಎಂದೆ.

ಅಕ್ಕ ನಮ್ಮ ಭಾನುವಾರದ ಆಟಕ್ಕೆ ಬರುವವಳಲ್ಲ. ಆ ಭಾನುವಾರ ಬಂದದ್ದು ಹುಣಸೆ ಚಿಗುರಿಗಾಗಿ. ಕ್ವಾರಿಯ ಹಿಂದಿನ ಗುಡ್ಡದ ದಾರಿಯಲ್ಲಿ ಹುಣಸೆಮರಗಳು ಕೆಂಪಗೆ ಚಿಗುರಿವೆ ಎಂದು ಭಾವ ಹಿಂದಿನ ವಾರ ಹೇಳಿದ್ದರು. ಆ ಚಿಗುರು ಹಾಕಿ ಕಾಳಿನ ಸಾರು ಮಾಡುವುದರಲ್ಲಿ ಅಕ್ಕನಿಗೆ ಸಮನಿಲ್ಲ. ಬೆಳಿಗ್ಗೆಯೇ ಚಿತ್ರಾನ್ನ ಕಟ್ಟಿಕೊಂಡು ಹಿಂದಿನ ಸೀಟಿನಲ್ಲಿ ಕೂತಳು. ದಾರಿಯುದ್ದಕ್ಕೂ ಗಾಡಿಯನ್ನು ಬೈದಳು.

ಗುಡ್ಡದ ಮಧ್ಯದಲ್ಲಿ ಮಳೆನೀರು ಕೊರೆದ ಒಂದು ಕೊರಕಲಿದೆ. ಅದರ ಪಕ್ಕದಲ್ಲಿ ಎಡಕ್ಕೆ ಒಂದು ಚೂಪು ಬಂಡೆ, ಬಲಕ್ಕೆ ಹುಣಸೆಮರ. ಗಾಡಿ ವಾಲುತ್ತದೆ ಎಂದು ಭಾವ ಅಕ್ಕನನ್ನು ಇಳಿಸಿಕೊಂಡರು. ಅವರು ಮುಂದೆ ಹೋಗಿ ನಿಂತರು. ಅಕ್ಕ ಬಲಗಡೆ ಮರದ ಹತ್ತಿರ ಹೋಗಿ, ಕೊಂಬೆ ಬಗ್ಗಿಸಿ, ಸೆರಗಿಗೆ ಚಿಗುರು ಕೀಳತೊಡಗಿದಳು. ಅವಳು ಅಲ್ಲಿಗೆ ಹೋದದ್ದನ್ನು ನಾನು ನೋಡಿದ್ದೆ. ಆಮೇಲೆ ಗಾಡಿಯನ್ನು ನಿಧಾನದ ಗೇರಿಗೆ ಹಾಕುವುದು, ಹುಲ್ಲು ತಾಗಿದರೂ ಕಿರುಚುತ್ತಿದ್ದ ಸೆನ್ಸರನ್ನು ಆಫ್ ಮಾಡುವುದು ಇವುಗಳಲ್ಲಿ ಅರೆನಿಮಿಷ ಕಳೆಯಿತು. ತಲೆಯೆತ್ತಿದಾಗ ಬಲಗಡೆ ಮರವಿತ್ತು, ಬಿಸಿಲಿತ್ತು, ಅಕ್ಕ ಇರಲಿಲ್ಲ. ಮರದ ಆಚೆ ಹೋಗಿದ್ದಾಳೆ ಎಂದುಕೊಂಡೆ.

ಭಾವ ಎಡಚಕ್ರವನ್ನೇ ನೋಡುತ್ತಾ ಕೈಯೆತ್ತಿ “ರೈಟ್!” ಎಂದರು. ಹೋಗಲಿ ಎಂದರು, ನಾನು ಹೊರಟೆ. ಎಡಗಡೆಯ ಚೂಪು ಬಂಡೆಗೆ ಟೈರಿನ ಪಕ್ಕೆ ಸೀಳಬಾರದೆಂದು, ಅವರು ಹೇಳದೆಯೇ, ನಾನೇ ಸ್ಟಿಯರಿಂಗನ್ನು ಬಲಕ್ಕೆ ಎಳೆದೆ. ಮನುಷ್ಯ ನಡೆಯುವುದಕ್ಕಿಂತ ನಿಧಾನವಾಗಿ ಗಾಡಿ ಬಲಕ್ಕೆ ಸರಿಯಿತು. ಕೂಗು ಕೇಳಲಿಲ್ಲ. ಕೇಳಿದ್ದು ಭಾವನ “ಹೋಲ್ಡಾನ್, ಹೋಲ್ಡಾನ್, ಹೋಲ್ಡಾನ್!”

ಬಂಪರಿನ ಮೂಲೆ ಅಕ್ಕನ ತೊಡೆಗೆ ತಾಗಿ ಅವಳು ಕೊರಕಲಿನೊಳಗೆ ಬಿದ್ದಿದ್ದಳು. ಮಂಡಿಯುದ್ದದ ಆಳವೂ ಇರಲಿಲ್ಲ, ಆದರೆ ಕೆಳಗೆ ಕಲ್ಲಿತ್ತು. ಸೆರಗಿನ ತುಂಬ ಚಿಗುರು ಹಾಗೇ ಇತ್ತು. ಅವಳು ಅದನ್ನು ಬಿಟ್ಟಿರಲಿಲ್ಲ.

ಎತ್ತರದ ಸೀಟಿಗೆ ಅವಳನ್ನು ಎತ್ತಲು ನಮ್ಮಿಬ್ಬರಿಂದ ಆಗಲಿಲ್ಲ. ಹಿಂದಿನ ಬಾಡಿಯಲ್ಲಿ ಟಾರ್ಪಾಲು ಹಾಸಿ ಮಲಗಿಸಿದೆವು. ಭಾವ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಮೈಸೂರಿನವರೆಗೆ ಪ್ರತಿ ಹಂಪ್‌ಗೂ ಅಕ್ಕ ಕಿರುಚಿದಳು. ನಾನು ಕನ್ನಡಿಯಲ್ಲಿ ನೋಡುತ್ತಾ ಓಡಿಸಿದೆ.

ಆಸ್ಪತ್ರೆಯಲ್ಲಿ ಬಿದ್ದರು ಎಂದಷ್ಟೇ ಹೇಳಿದೆವು. ಸಂಜೆ ಸಂಬಂಧಿಕರು ಸೇರಿದರು. ಹೇಗಾಯಿತು, ಹೇಗಾಯಿತು ಎಂದು ಎಲ್ಲರೂ ನನ್ನನ್ನು ಕೇಳುತ್ತಿದ್ದರು. ನಾನು ಬಾಯಿ ತೆರೆಯುವಷ್ಟರಲ್ಲಿ ಭಾವ ಗೋಡೆಗೊರಗಿ ಅಳತೊಡಗಿದರು.

“ನಾನು ರೈಟ್ ಅಂದ್ಬುಟ್ಟೆ. ಬಸ್ಸಲ್ಲಿ ಅಂದಂಗೆ ಅಂದ್ಬುಟ್ಟೆ. ಅವನು ಬಲಕ್ಕೆ ತಿರುಗ್ಸುದ. ಅವನ್ದೇನು ತಪ್ಪು? ಅವ್ರೆಲ್ಲ ಬಡ್ಕತಿದ್ರು, ಒಂದಿನ ಯಾರ್ನಾದ್ರೂ ಉರುಳಿಸ್ತೀಯ ಅಂತ. ನನ್ ಬಾಯಿಗೆ ಮಣ್ಣಾಕ.”

ಕಾರಣ ಸಿಕ್ಕಿದ ಸಮಾಧಾನ ಎಲ್ಲರ ಮುಖದಲ್ಲಿ ಕಂಡಿತು. ಯಾರೋ ನನ್ನ ಬೆನ್ನು ಸವರಿದರು. ಇಲ್ಲ, ನನಗೆ ಅದು ಹಾಗೆ ಕೇಳಿಸಲಿಲ್ಲ, ನನಗೆ ಅಕ್ಕ ಕಾಣಲಿಲ್ಲ ಎನ್ನಲು ಅದೊಂದೇ ಹೊತ್ತು ಇದ್ದದ್ದು. ನಾಳೆ ಹೇಳುತ್ತೇನೆ ಎಂದುಕೊಂಡೆ. ನಿಜ ಹೇಳಬೇಕೆಂದರೆ ಆ ಗಳಿಗೆಯಲ್ಲಿ ನನಗೆ ಹಾಯೆನಿಸಿತು. ಆ ಹಾಯನ್ನು ನೆನೆದರೆ ಇವತ್ತೂ ನನ್ನ ಮೇಲೆ ನನಗೆ ಹೇಸಿಗೆಯಾಗುತ್ತದೆ.

ಆಪರೇಷನ್ ಆಯಿತು. ಕೀವಾಗಿ ಇನ್ನೊಂದು ಆಪರೇಷನ್ ಆಯಿತು. ಅಕ್ಕ ವಾಕರ್ ಹಿಡಿದು ಮಂಚದಿಂದ ಬಚ್ಚಲಿಗೆ, ಬಚ್ಚಲಿನಿಂದ ಮಂಚಕ್ಕೆ ಎಂಬ ಸ್ಥಿತಿಗೆ ಬಂದು ನಿಂತಳು. ಅವಳು ತಾನಾಗಿ ನಡೆಯುವವರೆಗೂ ಮೆಟ್ಟು ಮೆಟ್ಟುವುದಿಲ್ಲ ಎಂದು ಭಾವ ಮನೆದೇವರಿಗೆ ತಪ್ಪುಕಾಣಿಕೆ ಹೇಳಿಕೊಂಡದ್ದು ಆಗ. ಇನ್ನು ಅವಳು ಆಸರೆಯಿಲ್ಲದೆ ನಡೆಯುವುದಿಲ್ಲ ಎಂದು ಡಾಕ್ಟರು ನನಗೊಬ್ಬನಿಗೆ ಹೇಳಿದ್ದರು. ಅದನ್ನೂ ಬಾಯಿಬಿಡಲಿಲ್ಲ. ಬಾಯಿ ಮುಚ್ಚಿಕೊಂಡಿರುವುದು ಆಗಲೇ ಅಭ್ಯಾಸವಾಗಿತ್ತು.

ಅಕ್ಕ ಗಟ್ಟಿಗಿತ್ತಿ. ನೋಡಲು ಬಂದವರು ಮರುಗಿದರೆ ಅವಳಿಗಾಗುತ್ತಿರಲಿಲ್ಲ. “ಏನ್ ಮಾಡದು ಕಣಮ್ಮ, ನಮ್ ಕಂಡಕ್ಟ್ರು ನನ್ನ ಮಧ್ಯದಲ್ಲೇ ಇಳಿಸ್ಬುಟ್ಟು ರೈಟ್ ಅಂದ್ಬುಟ್ರು” ಎನ್ನುತ್ತಿದ್ದಳು. ಬಂದವರು ನಗುತ್ತಿದ್ದರು. ಭಾವನನ್ನು ಹಗುರ ಮಾಡಲೆಂದೇ ಅವಳು ಹಾಗೆ ಅನ್ನುತ್ತಿದ್ದದ್ದು. ಭಾವ ಎದ್ದು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಪಾತ್ರೆ ತೊಳೆಯುತ್ತಿದ್ದರು. ರೈಟ್, ಹೋಲ್ಡಾನ್ ಎರಡೂ ಅವರ ಬಾಯಿಂದ ಮತ್ತೆ ಬರಲಿಲ್ಲ. ಊಟಕ್ಕೆ ಕೂತಾಗ ಸಾಕಾದರೆ ಸುಮ್ಮನೆ ಕೈ ಅಡ್ಡ ಹಿಡಿಯುತ್ತಿದ್ದರು.

ನಾನು ಏನು ಮಾಡಿದೆ? ಗಾಡಿ ಓಡಿಸಿದೆ. ಇನ್ನೂ ಒಂದೂವರೆ ವರ್ಷ ಅದೇ ಪಿಕಪ್ಪಿನಲ್ಲಿ ಪಾಲಿಟೆಕ್ನಿಕ್ಕಿಗೆ ಹೋದೆ, ಬಂದೆ. ನಿಲ್ಲಿಸಿದರೆ ಯಾಕೆ ಎಂದು ಕೇಳುತ್ತಾರಲ್ಲ ಎಂಬ ಭಯ. ಫಿಸಿಯೋಥೆರಪಿಗೆ ಅಕ್ಕನನ್ನು ಭಾವ ಆಟೋದಲ್ಲಿ ಕರೆದುಕೊಂಡು ಹೋಗುತ್ತಿದ್ದರು, ಏಕೆಂದರೆ ಪಿಕಪ್ಪಿನ ಸೀಟಿಗೆ ಅವಳು ಹತ್ತಲಾರಳು. ಆಟೋ ಹೊರಡುವಾಗ ಭಾವ ಡಾಂಬರಿನ ಮೇಲೆ ಬರಿಗಾಲು ಬದಲಿಸುತ್ತಾ ನಿಂತು ಅವಳ ವಾಕರ್ ಮಡಚುತ್ತಿದ್ದರು. ನಾನು ಮೇಲಿನ ರೂಮಿನ ಕಿಟಕಿಯಿಂದ ನೋಡುತ್ತಿದ್ದೆ. ಗುಡ್ಡಕ್ಕೆ ಒಂದೇ ಸಲ, ಒಬ್ಬನೇ ಹೋದೆ. ಕೊರಕಲಿನ ಹತ್ತಿರ ಗಾಡಿ ನಿಲ್ಲಿಸಿ, ಇಳಿದು, ಅಕ್ಕ ನಿಂತಿದ್ದ ಜಾಗದಲ್ಲಿ ಒಂದು ನೀರಿನ ಕ್ಯಾನು ಇಟ್ಟು, ವಾಪಸ್ ಹತ್ತಿ ಕೂತು ನೋಡಿದೆ. ಹಳದಿ ಕ್ಯಾನು, ಹಾಡುಹಗಲು. ನೇರ ಮುಂದೆ ನೋಡಿದರೆ ಅಲ್ಲಿ ಹುಲ್ಲಿತ್ತು ಅಷ್ಟೇ.

ಕೊನೆಗೆ ಮತ್ತೆ ಆ ಬೋಗುಣಿಯ ಮುಂದೆ ಕೂತಾಗ ಈ ಸಲ ಕಳ್ಳಾಟವಾಡಲಿಲ್ಲ. ಎರಡೂ ಕಣ್ಣಿನ ಸುತ್ತಲೂ ಕಪ್ಪು ಬಂದಿತ್ತು. ಮಧ್ಯದಲ್ಲಿ ಒಂದು ಕಿಂಡಿ ಉಳಿದಿದೆ. ಡಾಕ್ಟರು ಈ ಸಲ ಗಾಡಿಯ ಬಗ್ಗೆ ಕೇಳಲಿಲ್ಲ, ರಸ್ತೆ ದಾಟುವಾಗ ಯಾರದಾದರೂ ಕೈ ಹಿಡಿದುಕೊಳ್ಳಿ ಎಂದರು. ಪಿಕಪ್ಪನ್ನು ಹುಣಸೂರಿನ ಕಡೆಯವರು ಯಾರೋ ಬಂದು ಕೊಂಡುಕೊಂಡು ಹೋದರು. ಕಣ್ಣು ಮಂಜಾಗುತ್ತಿದೆ, ವಯಸ್ಸಾಯಿತು ಎಂದು ಮನೆಯಲ್ಲಿ ಹೇಳಿದೆ. ಗೇಟು ಬಹಳ ದಿನದ ಮೇಲೆ ಮುಚ್ಚಿತು. ಅಷ್ಟಾಗಿ ದುಃಖವಾಗಲಿಲ್ಲ. ಗಾಡಿಯ ಮೇಲಿನ ಆಸೆ ಆ ಕ್ಯಾನಿನ ದಿನವೇ ಸತ್ತಿತ್ತು.

ಭಾವನ ಎಡ ಅಂಗಾಲಿನಲ್ಲಿ ಹುಣ್ಣಾದದ್ದು ಈ ಬೇಸಿಗೆಯಲ್ಲಿ. ಬಿಸಿಲಿಗೆ ಬೊಬ್ಬೆ ಎದ್ದು ಒಡೆದದ್ದು ಅವರಿಗೆ ಗೊತ್ತೇ ಆಗಲಿಲ್ಲ, ಸಕ್ಕರೆ ಕಾಯಿಲೆಯವರಿಗೆ ಪಾದ ಮರಗಟ್ಟಿರುತ್ತದೆ. ಒಂದು ಬೆರಳು ತೆಗೆದರು. ಮೆತ್ತನೆಯ ಚಪ್ಪಲಿ ಹಾಕದಿದ್ದರೆ ಪಾದವೇ ಹೋಗುತ್ತದೆ ಎಂದು ಆ ಡಾಕ್ಟರು ಕೈಮುಗಿದು ಹೇಳಿದರು. ಭಾವ ತಲೆಯಾಡಿಸಿ ಮನೆಗೆ ಬಂದು ಚಪ್ಪಲಿಯ ಡಬ್ಬವನ್ನು ಅಟ್ಟಕ್ಕೆ ಹಾಕಿದರು. ಅಕ್ಕ ಒಂದು ಉಪಾಯ ಮಾಡಿದಳು. ದೇವರು ಕನಸಿನಲ್ಲಿ ಬಂದು, ಕಾಣಿಕೆ ಸಂದಾಯವಾಯಿತು, ಮೆಟ್ಟು ಹಾಕಿಕೊಳ್ಳಲಿ ಅಂದನೆಂದು ಹೇಳಿದಳು. “ದೇವ್ರು ನಿನ್ ಕನಸಲ್ಯಾಕೆ ಬತ್ತನೆ? ಹೇಳ್ಕೊಂಡಿರೋನು ನಾನು, ನನ್ ಕನಸಲ್ಲಿ ಬರ್ಲಿ” ಎಂದು ನಕ್ಕುಬಿಟ್ಟರು. ಇನ್ನು ಉಳಿದವನು ನಾನು.

ಒಂದು ಬೆಳಿಗ್ಗೆ ವರಾಂಡದಲ್ಲಿ ಅವರು ಕಾಲು ಚಾಚಿ ಕೂತಿದ್ದರು. ಪಟ್ಟಿ ಹೊಸದಾಗಿ ಕಟ್ಟಿತ್ತು. ಗೋಡೆ ಹಿಡಿದುಕೊಂಡು ಹೋಗಿ ಪಕ್ಕದಲ್ಲಿ ಕೂತೆ. ಎಲ್ಲ ಹೇಳಿದೆ. ಜೀಪಿನ ಕಾಲದಲ್ಲೇ ಕಣ್ಣು ಹೋಗಿದ್ದದ್ದು, ಡಾಕ್ಟರಿಗೆ ಸುಳ್ಳು ಹೇಳಿದ್ದು, ಡ್ರಾಪ್ಸು, ಮುರಿದ ಕನ್ನಡಿಗಳು, ಆಫ್ ಮಾಡಿದ ಸೆನ್ಸರು, ಹಳದಿ ಕ್ಯಾನು. “ನೀವು ಅಂದ ರೈಟು ನನಗೆ ಸರಿಯಾಗೇ ಕೇಳ್ಸಿತ್ತು ಭಾವ. ಬಲಕ್ಕೆ ತಿರುಗಿಸಿದ್ದು ನಾನು. ಅಕ್ಕ ನನಗೆ ಕಾಣ್ಲಿಲ್ಲ. ತಪ್ಪು ನಂದು, ಕಾಣಿಕೆ ನೀವು ಕಟ್ಟುತಾ ಇದೀರ,” ಎಂದೆ. ಕೈಯಲ್ಲಿದ್ದ ರಿಪೋರ್ಟನ್ನು ಕೊಟ್ಟೆ.

ಅವರು ಕನ್ನಡಕ ಹಾಕಿಕೊಂಡು, ಟಿಕೆಟ್ಟಿನ ಹಾಗೆ ಅದರ ಎರಡೂ ಮಗ್ಗುಲು ನೋಡಿದರು.

“ಇದು ಗಾಡಿ ಮಾರಿದ್ ವರ್ಷದ್ದಲ್ವೇನೋ?”

“ಹಳೇದನ್ನ ಆವಾಗ್ಲೇ ಹರಿದಾಕ್ದೆ ಭಾವ.”

“ಹೂಂ,” ಎಂದರು. ಕಾಗದವನ್ನು ಮಡಚಿ ನನ್ನ ಜೇಬಿಗೆ ಇಟ್ಟರು. “ನೋಡು, ಮೂವತ್ ವರ್ಷ ಎಷ್ಟೋ ಡ್ರೈವರ್ರ ಪಕ್ಕ ನಿಂತಿವ್ನಿ. ಕಣ್ ಕಾಣ್ದೋನು ಆ ಗುಡ್ಡ ಅತ್ತುಸ್ತಾನಾ? ಆಮೇಲೂ ಒಂದೂವರೆ ವರ್ಷ ಊರ್ ತುಂಬ ಓಡ್ಸುದ್ಯಲ್ಲ, ಒಂದ್ ಕೋಳಿಗೂ ತಾಗಿಸ್ಲಿಲ್ಲ.”

“ಡಾಕ್ಟ್ರನ್ನೇ ಕೇಳಿ ಬನ್ನಿ.”

“ಅವ್ರಿಗೂ ಹೇಳ್ಕೊಟ್ಟಿರ್ತೀಯ ಬುಡು. ನಿಮ್ಮಕ್ಕ ಕನಸು ಕಟ್ಟುದ್ಲು, ನೀನು ಇದು ಕಟ್ದೆ. ನನ್ ಕಾಲ್ ಮೇಲೆ ಇಬ್ರಿಗೂ ಎಷ್ಟ್ ಪ್ರೀತಿ ನೋಡು.” ಅವರ ಕಣ್ಣು ತುಂಬಿತ್ತು. ಸಂತೋಷಕ್ಕೆ ತುಂಬಿತ್ತು, ಅದನ್ನೇ ನನಗೆ ತಡೆಯಲಾಗಲಿಲ್ಲ. “ನಿನ್ ತಮ್ಮ ಬಂಗಾರದಂತೋನು ಕಣಮ್ಮಿ,” ಎಂದು ಒಳಗಿದ್ದ ಅಕ್ಕನಿಗೆ ಕೂಗಿ ಹೇಳಿದರು. “ನನ್ ತಪ್ಪ ತಾನ್ ಹೊತ್ಕತನಂತೆ.”

ನಾನು ಅವರ ಕೈ ಹಿಡಿದುಕೊಂಡು, “ದೇವರಾಣೆ ಭಾವ, ಅಕ್ಕನಾಣೆ,” ಎಂದೆ.

ಅವರು ಗಾಬರಿಯಿಂದ ನನ್ನ ಬಾಯಿಗೆ ಕೈ ಅಡ್ಡವಿಟ್ಟರು.

“ಥೂ, ಅಂಗೆಲ್ಲ ಆಣೆ ಇಡ್ಬ್ಯಾಡ ಕಣೋ. ಸುಳ್ಳಾಣೆ ಇಟ್ರೆ ಕಣ್ಣೋಯ್ತವೆ.”

ಒಳಗಿನಿಂದ ಅಕ್ಕ ಬಚ್ಚಲಿಗೆ ಹೋಗಬೇಕೆಂದು ಕರೆದಳು. ಭಾವ ನನ್ನ ಭುಜ ಹಿಡಿದು ಎದ್ದು, ಹಿಮ್ಮಡಿ ಊರಿಕೊಂಡು ಒಳಗೆ ಹೋದರು. ಅವರು ಹೋದದ್ದು ಬಲಗಡೆಯಿಂದ. ಎರಡನೆಯ ಹೆಜ್ಜೆಯಿಂದ ಮುಂದೆ ನನಗೆ ಅವರು ಕಾಣಲಿಲ್ಲ, ಬರಿಗಾಲು ನೆಲಕ್ಕೆ ತಾಗುವ ಸದ್ದು ಮಾತ್ರ ಕೇಳುತ್ತಿತ್ತು.